ಸಾಲ ನೋಡಲು ಬಂದ ಅಯ್ಯನವರು

ಮನೆಗೆ ಬಂದವರ ಮುಂದೆ ‘ಇಲ್ಲ’ ಎಂಬ ಮಾತನ್ನು ಆಡಬಾರದು ಎಂದು ಸೋಮಲಿಂಗಪ್ಪನವರಿಗೆ ಅವರ ತಾಯಿ ಹೇಳಿಕೊಟ್ಟಿದ್ದರು. ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚಿದೆ’ ಎನ್ನಬೇಕು. ದೀಪ ಆರಿದರೆ ‘ದೀಪ ಶಾಂತವಾಯಿತು’ ಎನ್ನಬೇಕು. ಬಂದವರು ‘ಹೇಗಿದ್ದೀರಿ’ ಎಂದು ಕೇಳಿದರೆ, ಹೊಟ್ಟೆಯೊಳಗೆ ಬೆಂಕಿ ಬಿದ್ದಿದ್ದರೂ ‘ಶಿವ ಚೆನ್ನಾಗಿಟ್ಟಿದ್ದಾನೆ’ ಎನ್ನಬೇಕು. ಎಪ್ಪತ್ತು ದಾಟಿದ ಮೇಲೂ ಆ ಪಾಠ ಅವರ ನಾಲಿಗೆಯ ಮೇಲೆ ಕೂತೇ ಇತ್ತು. ಹೆಂಡತಿ ಜಯದೇವಿ ಲಿಂಗೈಕ್ಯಳಾದ ದಿನ, ಮಣ್ಣು ಕೊಡಲು ಬಂದವರ ಎದುರಿಗೂ ಅವರು ‘ಶಿವ ಚೆನ್ನಾಗಿಟ್ಟಿದ್ದಾನೆ’ ಎಂದುಬಿಟ್ಟಿದ್ದರು. ಕೇಳಿದವರು ಮುಖ ಮುಖ ನೋಡಿಕೊಂಡರು. ಸೋಮಲಿಂಗಪ್ಪನವರಿಗೆ ಮಾತ್ರ ತಾವು ಏನು ಹೇಳಿದೆವೆಂಬುದು ಗೊತ್ತಾಗಲಿಲ್ಲ.

ಆಕೆ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಚಂದ್ರಾ ಲೇಔಟಿನ ಆ ನೆಲಮಹಡಿಯ ಮನೆಯಲ್ಲಿ ಈಗ ಇದ್ದವರು ಇಬ್ಬರೇ, ಸೋಮಲಿಂಗಪ್ಪನವರು ಮತ್ತು ಮಗಳು ವಚನಾ. ಮನೆ ಸ್ವಂತದ್ದಲ್ಲ, ಭೋಗ್ಯಕ್ಕೆ ಹಾಕಿಕೊಂಡದ್ದು. ನೀರಾವರಿ ಇಲಾಖೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರಿಗೆ ಬೆಂಗಳೂರಿನಲ್ಲಿ ಅಷ್ಟಾದರೂ ಆದದ್ದು ಜಯದೇವಿಯ ಜಾಣತನದಿಂದ. ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಒಬ್ಬಳೇ ಮಗಳು ಡಾಕ್ಟರಾಗುತ್ತೇನೆ ಎಂದಾಗ ಬ್ಯಾಂಕಿಗೆ ಹೋಗಿ ಮ್ಯಾನೇಜರನ ಎದುರು ಕೂತು ಸಾಲ ಕೇಳಿದವಳೂ ಆಕೆಯೇ. ಸೋಮಲಿಂಗಪ್ಪನವರು ಬ್ಯಾಂಕಿನ ಹೊರಗೆ ನಿಂತಿದ್ದು, ಕರೆದಾಗ ಒಳಗೆ ಹೋಗಿ ಸಹಿ ಹಾಕಿ ಬಂದಿದ್ದರು. ಉಳಿತಾಯವೆಂದು ಇದ್ದದ್ದೆಲ್ಲ ಆಕೆಯ ಕೊನೆಯ ಕಾಯಿಲೆಗೆ ಹೋಯಿತು. ಸಾಲ ಮಾತ್ರ ಉಳಿಯಿತು.

ವಚನಾ ಎಂ.ಡಿ. ಮುಗಿಸಿ ಒಂದು ಸಂಶೋಧನಾ ಸಂಸ್ಥೆ ಸೇರಿದ್ದಳು. ಅವಳ ಕೆಲಸ ಹೆಗ್ಗನಹಳ್ಳಿಯ ಗಲ್ಲಿಗಳಲ್ಲಿ. ಕಟ್ಟಡದ ಕೆಲಸಕ್ಕೆಂದು, ಗಾರ್ಮೆಂಟ್ಸಿಗೆಂದು ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳು ಅಲ್ಲಿದ್ದರು. ಒಂದು ಮಗುವಿಗೆ ಗಂಟಲು ನೋವು ಬರುತ್ತದೆ, ಹೋಗುತ್ತದೆ. ಇನ್ನೊಂದು ಮಗುವಿಗೆ ಅದೇ ಗಂಟಲು ನೋವು ಕೀಲಿಗಿಳಿದು, ಅಲ್ಲಿಂದ ಎದೆಗೆ ಹೋಗಿ, ಹೃದಯದ ಕವಾಟವನ್ನೇ ಕೆಡಿಸುತ್ತದೆ. ಈ ಮಗುವಿಗೇ ಯಾಕೆ, ಆ ಮಗುವಿಗೆ ಯಾಕಿಲ್ಲ? ಅದನ್ನು ಕಂಡುಹಿಡಿಯಲು ಅವಳು ಮಕ್ಕಳ ಗಂಟಲಿಗೆ ಹತ್ತಿ ಸುತ್ತಿದ ಕಡ್ಡಿ ಮುಟ್ಟಿಸಿ, ಪುಟ್ಟ ಶೀಶೆಯಲ್ಲಿಟ್ಟು ತರುತ್ತಿದ್ದಳು. ಸಂಬಳ ಅಂಥದ್ದೇನೂ ಅಲ್ಲ. ಸಾಲದ ಕಂತು ಹೋದ ಮೇಲೆ ಕೈಗೆ ಉಳಿಯುವುದು ಬಸ್ಸಿಗೂ ತರಕಾರಿಗೂ ಸರಿಹೋಗುತ್ತಿತ್ತು. ಇತ್ತೀಚೆಗೆ ಎರಡು ಕಂತು ತಪ್ಪಿದ್ದೂ ಉಂಟು.

ಹೀಗಿರುವಾಗ ದೊಡ್ಡ ಖಾಸಗಿ ಆಸ್ಪತ್ರೆಯೊಂದು ಅವಳನ್ನು ಕರೆದಿತ್ತು. ಸಂಬಳ ಕೈತುಂಬ. ಬರುತ್ತೀರೋ ಇಲ್ಲವೋ ಎಂದು ಶನಿವಾರದೊಳಗೆ ಹೇಳಬೇಕು. ಅವಳಿಗೆ ಮನಸ್ಸಿರಲಿಲ್ಲ. ಆಗಲೇ ಅವಳ ಗೈಡ್ ಒಂದು ಸಹಾಯ ನಿಧಿಯ ವಿಷಯ ಹೇಳಿದ್ದರು. ಸಂಶೋಧನೆಯಲ್ಲೇ ಉಳಿಯುವ ವೈದ್ಯರ ಓದಿನ ಸಾಲದ ಕಂತನ್ನು ಆ ನಿಧಿಯವರು ವರ್ಷ ವರ್ಷ ನೇರವಾಗಿ ಬ್ಯಾಂಕಿಗೆ ಕಟ್ಟುತ್ತಿದ್ದರು. ಕೆಲಸ ಬಿಟ್ಟರೆ ಸಹಾಯವೂ ನಿಲ್ಲುತ್ತದೆ, ಅಷ್ಟೇ. ವಚನಾ ಅರ್ಜಿ ಹಾಕಿ, ಸಂದರ್ಶನವನ್ನೂ ಮುಗಿಸಿದ್ದಳು. ಇನ್ನು ಉಳಿದದ್ದು ನಿಧಿಯ ಪರವಾಗಿ ಒಬ್ಬರು ಮನೆಗೆ ಬಂದು ಮನೆಯವರನ್ನು ಮಾತಾಡಿಸುವುದು.

“ಅಪ್ಪಾ, ನಾಳೆ ಬರ್ತಾರಂತೆ. ನಾನು ಇರಬಾರ್ದಂತೆ, ರೂಲ್ಸು. ಕೇಳಿದ್ದಕ್ಕೆ ಇದ್ದಿದ್ದು ಇದ್ದ ಹಾಗೆ ಹೇಳ್ಬಿಡಿ, ಸಾಕು,” ಎಂದಳು ವಚನಾ, ಚಪ್ಪಲಿ ಮೆಟ್ಟುತ್ತ.

“ಹೇಳ್ತೀನಿ ಬಿಡವ್ವ. ಬರೋರ ಹೆಸರೇನು?”

“ರೇವಣಸಿದ್ದಯ್ಯ ಅಂತ. ರಿಟೈರ್ಡ್ ಹೆಡ್‌ಮಾಸ್ಟ್ರು.”

ಸೋಮಲಿಂಗಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. “ಅಯ್ಯನೋರಾ!”

“ಅಪ್ಪಾ, ಅಯ್ಯನೋರಲ್ಲ. ಆಫೀಸ್ ಕೆಲ್ಸಕ್ಕೆ ಬರೋರು.”

“ಹೆಸರೇ ಹೇಳುತ್ತಲ್ಲವ್ವ.”

“ನೀವು ಪಾದಪೂಜೆ ಗೀದಪೂಜೆ ಅಂತ ಶುರು ಮಾಡ್ಬೇಡಿ ಮತ್ತೆ,” ಎಂದು ನಗುತ್ತ ಅವಳು ಬಸ್ಸಿಗೆ ಓಡಿದಳು.

ನಗುವ ಮಾತೇನೋ ಅವಳಿಗೆ. ಸೋಮಲಿಂಗಪ್ಪನವರ ಎದೆ ಮಾತ್ರ ತುಂಬಿ ಬಂದಿತ್ತು. ಜಯದೇವಿ ಹೋದ ಮೇಲೆ ಆ ಮನೆಯ ಹೊಸ್ತಿಲನ್ನು ಜಂಗಮರೊಬ್ಬರೂ ತುಳಿದಿರಲಿಲ್ಲ. ಜಂಗಮ ಮನೆಗೆ ಬಂದರೆ ಶಿವನೇ ಕಾಲಿಟ್ಟ ಹಾಗೆ. ಕಾಲಿಗೆ ನೀರು ಕೊಟ್ಟು, ಉಣಿಸಿ, ಕೈಯಲ್ಲಾದ ಕಾಣಿಕೆ ಕೊಟ್ಟು ಕಳಿಸಬೇಕು. ಅವರ ಮನೆಯಲ್ಲಿ ಬರಗಾಲದಲ್ಲೂ ನಡೆದ ಕ್ರಮ ಅದು. ಬರುವವರು ಏನು ಕೆಲಸಕ್ಕೆ ಬರುತ್ತಾರೆ ಎಂಬುದು ಅವರ ತಲೆಯಲ್ಲಿ ಹಿಂದಕ್ಕೆ ಸರಿಯಿತು, ಯಾರು ಬರುತ್ತಾರೆ ಎಂಬುದೇ ಮುಂದೆ ನಿಂತಿತು.

ಪಕ್ಕದ ಮನೆಯ ಲಿಂಗಮ್ಮನ ಬಾಗಿಲಿಗೆ ಹೋದರು. ಲಿಂಗಮ್ಮ ಜಯದೇವಿಯ ಗೆಳತಿ, ಬಾಯಿ ಜೋರು.

“ಲಿಂಗಮ್ಮಾ, ನಾಳೆ ಒಂದಿಷ್ಟು ಹೋಳಿಗೆ ಮಾಡಿಕೊಡ್ಬೇಕಿತ್ತಲ್ಲ.”

“ಏನಣ್ಣಾ, ವಚನಂಗೆ ಗಂಡು ಗಿಂಡು ಬರ್ತಿದೆಯಾ? ನಂಗೆ ಒಂದು ಮಾತೂ ಹೇಳ್ಲಿಲ್ಲ!”

“ಗಂಡಲ್ಲ ತಾಯಿ, ಅಯ್ಯನೋರು.”

“ಓ, ಹಂಗಾದ್ರೆ ನಮ್ಮ ಬೆಳ್ಳಿ ತಟ್ಟೆ ಲೋಟಾನೂ ತಗೊಂಡ್ಹೋಗಿ. ಸ್ಟೀಲ್ ತಟ್ಟೇಲಿ ಬಡಿಸ್ಬೇಡಿ. ಆ ಸೋಫಾದ ಮೇಲೆ ನಮ್ಮ ಹೊಸ ಹೊದಿಕೆ ಹಾಸಿ. ಜಯಕ್ಕ ಇದ್ದಿದ್ರೆ ಹಂಗೇ ಮಾಡೋಳು.”

ಆ ಕೊನೆಯ ಮಾತಿನ ಮೇಲೆ ಇನ್ನು ಯೋಚಿಸುವುದೇನೂ ಉಳಿಯಲಿಲ್ಲ.

ಮರುದಿನ ಹನ್ನೊಂದರ ಹೊತ್ತಿಗೆ ರೇವಣಸಿದ್ದಯ್ಯನವರು ಹಳೆಯ ಸ್ಕೂಟರಿನಲ್ಲಿ ಬಂದರು. ಸಣಕಲು ಮೈ, ಕೈಯಲ್ಲಿ ಹೆಲ್ಮೆಟ್ಟು, ಹೆಗಲಿಗೆ ಬಟ್ಟೆಯ ಚೀಲ. ಬಾಗಿಲಲ್ಲಿ ರಂಗೋಲಿ. ಹೊಸ್ತಿಲ ಬಳಿ ತಂಬಿಗೆ ಹಿಡಿದು ಮುದುಕರೊಬ್ಬರು ಬಗ್ಗಿ ನಿಂತಿದ್ದರು.

“ಅಯ್ಯಯ್ಯೋ, ಏನ್ ಸಾರ್ ಇದು! ನಾನು ನಿಧಿಯಿಂದ ಬಂದೋನು. ಹೀಗೆಲ್ಲ ಮಾಡ್ಬಾರ್ದು,” ಎಂದು ಅವರು ಎರಡು ಹೆಜ್ಜೆ ಹಿಂದೆ ಹೋದರು.

“ಎಲ್ಲಿಂದ ಬಂದ್ರೂ ಅಯ್ಯನೋರು ಅಯ್ಯನೋರೇ ಬುದ್ಧಿ. ಪಾದ ಇತ್ತ ಕೊಡಿ.”

ಬೇಡವೆಂದರೆ ಆ ಮುಖ ಬಾಡಿಹೋಗುತ್ತದೆಂದು ರೇವಣಸಿದ್ದಯ್ಯನವರಿಗೆ ಅನಿಸಿರಬೇಕು. ಷೂ ಬಿಚ್ಚಿದರು, ಸಾಕ್ಸು ಕಳಚಿದರು. ಸೋಮಲಿಂಗಪ್ಪನವರು ಎರಡೂ ಪಾದಕ್ಕೆ ನೀರೆರೆದು, ಟವೆಲಿನಿಂದ ಒರೆಸಿ, ಒಳಗೆ ಕರೆದೊಯ್ದರು. ಬೆಳ್ಳಿ ತಟ್ಟೆಯಲ್ಲಿ ಹೋಳಿಗೆ ಬಂತು, ತುಪ್ಪ ಬಂತು. ಊಟ ಬೇಡ ಎಂದವರು ಒಂದು ಹೋಳಿಗೆ ಮುರಿದರು. ಇನ್ನೊಂದನ್ನು ಸೋಮಲಿಂಗಪ್ಪನವರೇ ಹಾಕಿಬಿಟ್ಟರು.

ಕೈ ತೊಳೆದು ಬಂದು, ಹೆಡ್‌ಮಾಸ್ತರರು ಚೀಲದಿಂದ ಕಾಗದ ತೆಗೆದರು. ಈಗ ಅವರ ದನಿ ಶಾಲೆಯ ದನಿಯಾಯಿತು.

“ಮನೆ ಸ್ವಂತದ್ದಾ?”

“ಎಲ್ಲಾ ಶಿವನದು ಬುದ್ಧಿ. ನಾವು ಇರೋರು, ಅಷ್ಟೇ.”

ರೇವಣಸಿದ್ದಯ್ಯನವರು ಕನ್ನಡಕದ ಮೇಲಿನಿಂದ ನೋಡಿದರು. “ಅದು ಸರಿ. ಬಾಡಿಗೆ ಯಾರಿಗೆ ಕೊಡ್ತೀರಿ?”

“ಬಾಡಿಗೆಯ ಕಾಟ ಶಿವ ತಪ್ಪಿಸಿದಾನೆ.” ಭೋಗ್ಯವಾದ್ದರಿಂದ ಬಾಡಿಗೆ ಇರಲಿಲ್ಲ. ಆ ಮಾತು ಸುಳ್ಳೂ ಅಲ್ಲ.

“ಮಗಳ ಸಾಲದ ಕಂತು ಕಟ್ಟೋದು ಕಷ್ಟ ಆಗ್ತಿದೆಯಾ?”

“ಏನು ಕಷ್ಟ ಬುದ್ಧಿ. ಶಿವ ಚೆನ್ನಾಗಿಟ್ಟಿದ್ದಾನೆ.”

“ಸರಿಯಾಗಿ ಯೋಚನೆ ಮಾಡಿ ಹೇಳಿ. ನಿಧಿಯ ಸಹಾಯ ಸಿಗದೆ ಹೋದ್ರೆ ನಿಮ್ಮ ಕೈಲಿ ನಡೆಸೋಕೆ ಆಗುತ್ತಾ?”

“ನಡೆಸೋನು ಅವನು. ನಮ್ಮದೇನಿದೆ?”

ರೇವಣಸಿದ್ದಯ್ಯನವರ ಪೆನ್ನು ಕಾಗದದ ಮೇಲೆ ನಿಂತಿತು. ಗೋಡೆಯ ಮೇಲಿದ್ದ ಜಯದೇವಿಯ ಫೋಟೊ ನೋಡಿದರು. ಸೋಫಾದ ಹೊಸ ಹೊದಿಕೆ ನೋಡಿದರು. “ಇನ್ನೊಂದ್ಸಲ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆಗುತ್ತೆ ಅಂತ ಬರ್ಕೊಳ್ಲಾ?”

ಉಂಡೆದ್ದ ಜಂಗಮರು ಎದುರಿಗೆ ಕೂತು ಕೇಳುತ್ತಿದ್ದರು. ಆಗದು ಎಂಬ ಮಾತು ಸೋಮಲಿಂಗಪ್ಪನವರ ಗಂಟಲವರೆಗೆ ಬಂತು. ಬಂದದ್ದು ಅಲ್ಲೇ ನಿಂತಿತು. “ಬರ್ಕೊಳ್ಳಿ ಬುದ್ಧಿ,” ಎಂದರು. ತೋರಿಸಿದ ಕಡೆ ಸಹಿ ಹಾಕಿದರು.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ. ಹೊರಡುವಾಗ ಸೋಮಲಿಂಗಪ್ಪನವರು ವೀಳ್ಯದೆಲೆಯ ಮೇಲೆ ಐನೂರೊಂದು ರೂಪಾಯಿ ಇಟ್ಟು ಮುಂದೆ ಹಿಡಿದರು. ರೇವಣಸಿದ್ದಯ್ಯನವರ ಮುಖ ಬಿಳಿಚಿಕೊಂಡಿತು.

“ಸಾರ್, ಇದು ಬೇಡವೇ ಬೇಡ. ಇದನ್ನ ಏನಂತಾರೆ ಗೊತ್ತಾ ಆಫೀಸಲ್ಲಿ?”

“ಕಾಣಿಕೆ ಅಂತಾರೆ ಬುದ್ಧಿ. ನಮ್ಮಪ್ಪನ ಕಾಲದಲ್ಲಿ ನಾಲ್ಕಾಣೆ ಕೊಡ್ತಿದ್ರು,” ಎಂದು ಸೋಮಲಿಂಗಪ್ಪನವರು ಅದನ್ನು ಅವರ ಬಟ್ಟೆಯ ಚೀಲದೊಳಗಿಟ್ಟು, ಅವರು ಇನ್ನೊಂದು ಮಾತಾಡುವಷ್ಟರಲ್ಲಿ ಪಾದಕ್ಕೆ ಹಣೆ ಮುಟ್ಟಿಸಿಬಿಟ್ಟರು. ಹೆಡ್‌ಮಾಸ್ತರರು ಒಂದು ಗಳಿಗೆ ಅಲ್ಲಾಡದೆ ನಿಂತರು. ಆಮೇಲೆ ಹೆಲ್ಮೆಟ್ಟು ತೆಗೆದುಕೊಂಡು ಹೋದರು.

ಸಂಜೆ ವಚನಾ ಬಂದಾಗ ಅಪ್ಪನ ಮುಖದಲ್ಲಿ ಬಹಳ ದಿನಗಳ ಮೇಲೆ ಕಳೆಯಿತ್ತು. ಒಂದೊಂದೇ ಹೇಳಿದರು: ಬಂದದ್ದು, ಉಂಡದ್ದು, ಎರಡು ಹೋಳಿಗೆ ತಿಂದದ್ದು. ಅವಳು ನಗುತ್ತಲೇ ಕೇಳುತ್ತಿದ್ದಳು. ಬೆಳ್ಳಿ ತಟ್ಟೆಯ ಮಾತು ಬಂದಾಗ ನಗು ಸಣ್ಣದಾಯಿತು. ಸಹಿಯ ಮಾತು ಬಂದಾಗ ನಿಂತಿತು. ಕಾಣಿಕೆಯ ಮಾತು ಬಂದಾಗ ಅವಳು ಮೆಲ್ಲಗೆ ಕುಳಿತುಕೊಂಡಳು.

“ಅಪ್ಪಾ… ದುಡ್ಡು ಕೊಟ್ರಾ?”

“ಕಾಣಿಕೆ ಕೊಡ್ದೇ ಕಳ್ಸೋಕಾಗುತ್ತೇನೇ?”

“ಅವ್ರು ನೋಡೋಕೆ ಬಂದಿದ್ದು ನಮ್ಮ ಕಷ್ಟಾನ ಅಪ್ಪಾ. ನೀವು ತೋರ್ಸಿದ್ದು ಬೆಳ್ಳಿ ತಟ್ಟೆ! ಅದೂ ಲಿಂಗಮ್ಮ ಆಂಟೀದು! ಅದ್ರ ಮೇಲೆ ದುಡ್ಡು ಬೇರೆ… ಅದನ್ನ ಲಂಚ ಅಂತ ಬರ್ಕೊಂಡಿರ್ತಾರೆ ಈಗ.”

ಸೋಮಲಿಂಗಪ್ಪನವರಿಗೆ ಆ ಪದ ಕೆನ್ನೆಗೆ ಹೊಡೆದ ಹಾಗಾಯಿತು. ನೀರಾವರಿ ಇಲಾಖೆಯಲ್ಲಿ ಅಷ್ಟು ವರ್ಷ ಕೂತು ಯಾರ ಕೈಯಿಂದಲೂ ಒಂದು ಕಾಫಿ ಕುಡಿದವರಲ್ಲ ಅವರು. “ನಾನು… ಹಾಗಲ್ಲವ್ವ,” ಎಂದರು.

ವಚನಾ ಅಪ್ಪನ ಮುಖ ನೋಡಿದಳು. ಸಿಟ್ಟು ಎಲ್ಲಿ ಹೋಯಿತೋ. ಎದ್ದು ಬಂದು ಅವರ ಹೆಗಲ ಮೇಲೆ ಗಲ್ಲ ಊರಿ ನಕ್ಕಳು. ನಗುತ್ತ ನಗುತ್ತ ಕಣ್ಣೀರು ಬಂತು. “ಹೋಗ್ಲಿ ಬಿಡಿ ಅಪ್ಪಾ. ಎರಡು ಹೋಳಿಗೆ ತಿಂದ್ರಲ್ಲ, ಅಷ್ಟು ಸಾಕು. ಶನಿವಾರ ಆಸ್ಪತ್ರೆಯವ್ರಿಗೆ ಹೂಂ ಅಂದ್ಬಿಡ್ತೀನಿ. ಸಾಲಾನೂ ಬೇಗ ತೀರುತ್ತೆ. ಅಲ್ಲಿ ಕ್ಯಾಂಟೀನ್ ಬೇರೆ ಚೆನ್ನಾಗಿದೆಯಂತೆ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಡುಗೆಮನೆಗೆ ಹೋದವಳು ಒಗ್ಗರಣೆಗೆ ಸಾಸಿವೆ ಹಾಕುತ್ತ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಆ ಕಡೆ ಹೆಗ್ಗನಹಳ್ಳಿಯ ಮುತ್ತವ್ವ. ಅವಳ ಮಗಳ ಹೃದಯ ಆಗಲೇ ಸ್ವಲ್ಪ ಕೆಟ್ಟಿತ್ತು, ತಿಂಗಳಿಗೊಂದು ಇಂಜೆಕ್ಷನ್ನು ನಡೆಯುತ್ತಿತ್ತು. ವಚನಾ ಫೋನನ್ನು ಕಟ್ಟೆಯ ಮೇಲಿಟ್ಟಿದ್ದರಿಂದ ಮುತ್ತವ್ವನ ಜೋರು ದನಿ ಮನೆಯೆಲ್ಲ ಕೇಳುತ್ತಿತ್ತು.

“ಬ್ಯಾರೆ ಡಾಕ್ಟ್ರು ಬರ್ತಾರಂದ್ರ? ನೀವು ಎಲ್ಲಿ ಹೊಂಟೀರಿ?”

“ಕೆಲ್ಸ ಬದ್ಲಾಯಿಸ್ಬೇಕಾಗಿದೆ ಮುತ್ತವ್ವ. ಬರೋರೂ ಒಳ್ಳೇವ್ರೇ.”

“ಒಳ್ಳೇವ್ರು ಇರ್ಲಿ ಬಿಡ್ರಿ. ಮೊದ್ಲ ನೀವು ಬಂದಾಗ ನಾ ಬಾಗ್ಲಾ ಹಾಕ್ಕೊಂಡಿದ್ದೆ, ನೆನಪೈತಿಲ್ರಿ? ನಿಮ್ಗ ಬಾಗ್ಲಾ ತೆಗೀಲಿಕ್ಕ ನಂಗ ನಾಕ್ ತಿಂಗ್ಳು ಬೇಕಾತು. ಇನ್ನೊಬ್ರಿಗೆ ಮತ್ತ ನಾಕ್ ತಿಂಗ್ಳು. ಅಷ್ಟ್ರಾಗ ಕೂಸಿನ ಗತಿ ಏನ್ರಿ ಯವ್ವಾ?”

ಸಾಸಿವೆ ಸೀದ ವಾಸನೆ ಬಂತು.

ಬೆಳಗ್ಗೆ ಸೋಮಲಿಂಗಪ್ಪನವರು ಪೂಜೆಗೆ ಕುಳಿತರು. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ನೆಟ್ಟರೆ ದೃಷ್ಟಿ ನಿಲ್ಲದು. ಎಂದೂ ಶಿವನನ್ನು ಇಂಥದು ಕೊಡು ಎಂದು ಕೇಳಿದವರಲ್ಲ. ಈಗ ಅನಿಸಿತು, ಕೇಳದೆ ಇದ್ದದ್ದು ಭಕ್ತಿಯೋ ಬಿಂಕವೋ. ಕೇಳಬೇಕಾದ ಕಡೆಯಲ್ಲೆಲ್ಲ ತನ್ನ ಬದಲಿಗೆ ಒಬ್ಬಳು ಹೋಗಿ ಕೇಳಿ ಬರುತ್ತಿದ್ದಳು. ಶಾಲೆಯಲ್ಲಿ ಸೀಟು ಕೇಳಿದವಳು ಅವಳು, ಬ್ಯಾಂಕಿನಲ್ಲಿ ಸಾಲ ಕೇಳಿದವಳು ಅವಳು. ತಾನು ಹೊರಗೆ ನಿಂತು ಮರ್ಯಾದೆ ಉಳಿಸಿಕೊಂಡದ್ದಾಯಿತು. ಆ ಮರ್ಯಾದೆಯ ಬೆಲೆಯನ್ನು ಅವಳು ಕೊಡುತ್ತಿದ್ದಳು. ಈಗ ಮಗಳು ಕೊಡುತ್ತಿದ್ದಾಳೆ.

ಪೂಜೆ ಮುಗಿಸಿ, ಮಗಳಿಗೆ ಹೇಳದೆ, ನಿಧಿಯ ಕಚೇರಿಯಿದ್ದ ಬಸವೇಶ್ವರನಗರದ ಬಸ್ಸು ಹತ್ತಿದರು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡರು. ‘ನನ್ನ ಕೈಯಲ್ಲಿ ಆಗುವುದಿಲ್ಲ.’ ತುಟಿ ಅಲ್ಲಾಡುವುದನ್ನು ಕಂಡು ಪಕ್ಕದಲ್ಲಿದ್ದ ಹುಡುಗಿ ಕೇಳಿದಳು, “ತಾತ, ಯಾವ ಮಂತ್ರ ಅದು? ಎಕ್ಸಾಮ್ ಇದೆ, ನಂಗೂ ಹೇಳ್ಕೊಡಿ.” ಸೋಮಲಿಂಗಪ್ಪನವರು, “ನಂಗೇ ಇನ್ನೂ ಬಾಯಿಗೆ ಬಂದಿಲ್ಲ ಮಗಾ,” ಎಂದರು.

ನಿಧಿಯ ಕಚೇರಿ ಒಂದು ಬೇಕರಿಯ ಮೇಲಿತ್ತು. ಮೆಟ್ಟಿಲ ತುಂಬ ಬಿಸಿ ಬನ್ನಿನ ವಾಸನೆ. ಒಳಗೆ ಮೇಜಿನ ಹಿಂದೆ ಡಾಕ್ಟರ್ ಕಲಾವತಿ ಕುಳಿತಿದ್ದರು. ನಿಧಿಯ ಕೆಲಸ ನೋಡಿಕೊಳ್ಳುವವರು, ನರೆಗೂದಲಿನ ಗಟ್ಟಿ ಹೆಂಗಸು. ಪಕ್ಕದ ಕುರ್ಚಿಯಲ್ಲಿದ್ದ ರೇವಣಸಿದ್ದಯ್ಯನವರು ಇವರನ್ನು ಕಂಡು, “ಇವ್ರೇ ಮೇಡಂ,” ಎಂದರು. ಮೇಜಿನ ಮೇಲೆ ಒಂದು ಕಾಗದ, ಕಾಗದದ ಮೇಲೆ ಐನೂರೊಂದು ರೂಪಾಯಿ. ಒಣಗಿದ ವೀಳ್ಯದೆಲೆಯನ್ನೂ ಅವರು ಎಸೆದಿರಲಿಲ್ಲ.

“ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ,” ಎಂದರು ಕಲಾವತಿ. “ನಿಮ್ಮ ವಿಷಯಾನೇ ಮಾತಾಡ್ತಿದ್ವಿ. ಮೇಷ್ಟ್ರು ರಾಜೀನಾಮೆ ಕೊಡ್ತೀನಿ ಅಂತ ಕೂತಿದಾರೆ.”

“ನಾನು ಇನ್ನೊಬ್ರ ಮನೇಲಿ ಕಾಲು ತೊಳೆಸ್ಕೊಂಡು, ಹೋಳಿಗೆ ತಿಂದು, ಆಮೇಲೆ ಅವ್ರ ವಿಷ್ಯ ನ್ಯಾಯವಾಗಿ ಬರೀತೀನಿ ಅಂದ್ರೆ ಯಾರು ನಂಬ್ತಾರೆ ಮೇಡಂ?” ಎಂದರು ರೇವಣಸಿದ್ದಯ್ಯ. ಆಮೇಲೆ ಸೋಮಲಿಂಗಪ್ಪನವರ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದರು: “ನಮ್ಮ ತಂದೆ ಜೋಳಿಗೆ ಹಿಡಿದು ಊರೂರು ತಿರುಗಿದೋರು. ಅವ್ರಿಗೆ ಹಾಗೆ ನೀರು ಕೊಡೋದನ್ನ ಹುಡುಗನಾಗಿದ್ದಾಗ ನೋಡಿದ್ದೆ. ನನಗೆ ಯಾರೂ ಕೊಟ್ಟಿರ್ಲಿಲ್ಲ. ಅದಕ್ಕೇ ತಡೆಯೋಕೆ ಆಗ್ಲಿಲ್ಲ. ತಪ್ಪು ನಂದೂ ಇದೆ.”

ಸೋಮಲಿಂಗಪ್ಪನವರು ಕುಳಿತುಕೊಳ್ಳಲಿಲ್ಲ. ನಿಂತೇ ಇದ್ದರು. ಬಾಯಿಪಾಠ ಮಾಡಿಕೊಂಡು ಬಂದ ಮಾತು ಹುಡುಕಿದರೆ ಸಿಗಲಿಲ್ಲ. ಸಿಕ್ಕಿದ್ದು ಬೇರೆಯೇ.

“ಆ ತಟ್ಟೆ ಲೋಟ ಲಿಂಗಮ್ಮನೋರ್ದು,” ಎಂದರು. “ಸೋಫಾದ ಹೊದಿಕೇನೂ ಅವ್ರದೇ.”

ಕಲಾವತಿ ತುಟಿ ಕಚ್ಚಿ ನಗು ತಡೆದರು. “ಆಮೇಲೆ?”

“ಮನೆ ಭೋಗ್ಯದ್ದು. ನನ್ನ ಯಜಮಾನಿಗೆ ಹುಷಾರಿಲ್ದಾಗ ಕೈಗಡ ತಗೊಂಡಿದ್ದು ಇನ್ನೂ ತೀರಿಲ್ಲ. ಪೆನ್ಷನ್ನು ಅದಕ್ಕೇ ಹೋಗುತ್ತೆ. ಬ್ಯಾಂಕಿನ ಕಂತು ಎರಡು ಸಲ ತಪ್ಪಿದೆ.” ಇಷ್ಟು ಹೇಳಿ ನಿಂತರು. ಕಲಾವತಿ ನೀರಿನ ಲೋಟ ಮುಂದಕ್ಕೆ ಸರಿಸಿದರು, ಆದರೆ ಅವರ ಪರವಾಗಿ ಮಾತು ಮುಗಿಸಲಿಲ್ಲ. ಕಾದರು. ಅದು ಅವರ ದೊಡ್ಡತನ.

“ನನ್ನ ಕೈಲಿ ಆಗಲ್ಲ ತಾಯಿ,” ಎಂದರು ಸೋಮಲಿಂಗಪ್ಪನವರು. “ನನ್ನ ಮಗಳಿಗೆ ನೀವು ಸಹಾಯ ಮಾಡ್ಬೇಕು.”

ಹೇಳಿಬಿಟ್ಟ ಮೇಲೆ ಕುರ್ಚಿ ಹಿಡಿದು ಕೂತರು. ತಲೆ ಎತ್ತಲು ಸಂಕೋಚವಾಗಿ ಮೇಜಿನ ಅಂಚನ್ನೇ ನೋಡುತ್ತಿದ್ದರು.

“ಯಜಮಾನ್ರೇ, ನೀವು ಇದನ್ನ ದಾನ ಅಂದ್ಕೊಂಡಿದೀರಿ,” ಎಂದರು ಕಲಾವತಿ, ಮೆಲ್ಲಗೆ. “ಓದು ಮುಗಿಸೋ ಹೊತ್ತಿಗೆ ಈ ಹುಡುಗ್ರ ತಲೆ ಮೇಲೆ ಸಾಲ ಕೂತಿರುತ್ತೆ. ತೀರ್ಸೋಕೆ ಅಂತ ಎಲ್ಲಿ ದುಡ್ಡಿದೆಯೋ ಅಲ್ಲಿಗೆ ಹೋಗ್ತಾರೆ. ತಪ್ಪು ಅನ್ನಲ್ಲ, ನಾನೂ ಹಾಗೇ ಹೋದೋಳು. ಮತ್ತೆ ವಾಪಸ್ ಬರೋಕೆ ಆಗ್ಲೇ ಇಲ್ಲ. ಹೀಗೆ ಎಲ್ರೂ ಹೋದ್ರೆ ಆ ಮಕ್ಕಳ ಕಾಯಿಲೆ ಯಾಕೆ ಬರುತ್ತೆ ಅಂತ ಕೂತು ನೋಡೋರು ಯಾರು? ಅದಕ್ಕೇ ನಾವು ಮನೆ ಮನೆಗೆ ಬಂದು, ನಿಮ್ಮ ಮಗಳ್ನ ಈ ಕೆಲ್ಸಕ್ಕೆ ಬಿಟ್ಕೊಡಿ, ಸಾಲದ ಭಾರ ನಾವು ಹೊರ್ತೀವಿ ಅಂತ ಕೇಳ್ತಿರೋದು. ಜೋಳಿಗೆ ಹಿಡಿದೋರು ನಾವು ಸಾರ್. ನೀವಲ್ಲ.”

ಸೋಮಲಿಂಗಪ್ಪನವರು ತಲೆ ಎತ್ತಿದರು. ಕೆಳಗೆ ಬೇಕರಿಯಲ್ಲಿ ಯಾರೋ ಟ್ರೇ ಎಳೆದ ಸದ್ದಾಯಿತು.

“ಆದ್ರೆ ರೂಲ್ಸು ರೂಲ್ಸೇ,” ಎಂದು ಕಲಾವತಿ ಮತ್ತೆ ಗಟ್ಟಿಯಾದರು. “ನಿಮ್ಮ ಹಳೇ ಹೇಳಿಕೆ ತಪ್ಪು ಅಂತ ಬರ್ದುಕೊಡ್ಬೇಕು. ಬೇರೆಯವ್ರು ಬಂದು ಮನೆ ನೋಡ್ತಾರೆ. ಇನ್ನೊಂದು, ಈ ದುಡ್ಡು ನೀವು ವಾಪಸ್ ತಗೊಳ್ಬೇಕು. ಇದು ಇಲ್ಲಿರೋ ತನಕ ನಿಮ್ಮ ಮಗಳ ಫೈಲು ಈ ಮೇಜು ಬಿಟ್ಟು ಏಳಲ್ಲ.”

ಮೊದಲಿನದಕ್ಕೆ ಸೋಮಲಿಂಗಪ್ಪನವರು ತಲೆಯಾಡಿಸಿದರು. ಎರಡನೆಯದಕ್ಕೆ ಕೈ ಮುಂದೆ ಬರಲಿಲ್ಲ. ಜಂಗಮನ ಕೈಗಿಟ್ಟದ್ದನ್ನು ಮರಳಿ ಪಡೆಯುವುದೆಂದರೆ ಉಗುಳಿದ್ದನ್ನು ನುಂಗಿದಂತೆ. ಅವರ ಮನೆತನದಲ್ಲಿ ಯಾರೂ ಮಾಡಿರದ ಕೆಲಸ. ಕೈಯನ್ನು ತೊಡೆಯ ಮೇಲೆ ಮುಚ್ಚಿಕೊಂಡು ಕೂತರು.

ರೇವಣಸಿದ್ದಯ್ಯನವರು ಎದ್ದರು. ನೋಟನ್ನೂ ನಾಣ್ಯವನ್ನೂ ಆ ಒಣಗಿದ ಎಲೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು ಹತ್ತಿರ ಬಂದರು.

“ನೀವು ನನ್ನ ಅಯ್ಯ ಅಂತ ಕರೆದ್ರಿ. ಹೌದು ತಾನೇ?”

“ಹೌದು ಬುದ್ಧಿ.”

“ಹಾಗಾದ್ರೆ ಅಯ್ಯ ಕೊಟ್ಟಿದ್ದನ್ನ ಏನಂತೀರಿ?”

ಸೋಮಲಿಂಗಪ್ಪನವರ ಕಣ್ಣು ತುಂಬಿತು. “ಪ್ರಸಾದ,” ಎಂದರು.

“ಬೇಡ ಅನ್ನೋದುಂಟಾ?”

ಅವರು ಬಲಗೈ ಚಾಚಿದರು. ಅಂಗೈ ಮೇಲಾಗಿ ಹಿಡಿದು, ಎಡಗೈಯನ್ನು ಅದರ ಕೆಳಗೆ ಕೊಟ್ಟು, ಆ ಐನೂರೊಂದು ರೂಪಾಯಿಯನ್ನು ಪಡೆದು ಕಣ್ಣಿಗೊತ್ತಿಕೊಂಡರು. ಕಲಾವತಿ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದರು. “ಈಗ ತಗೊಂಡೆ ಅಂತ ಇಲ್ಲೊಂದು ಸಹಿ ಹಾಕಿ,” ಎಂದರು. “ಪ್ರಸಾದಕ್ಕೂ ರಸೀದಿ ಬೇಕು ನಮ್ಮಲ್ಲಿ.”

ಸಂಜೆ ಸೋಮಲಿಂಗಪ್ಪನವರು ಮಗಳಿಗೆ ಎಲ್ಲವನ್ನೂ ಹೇಳಿದರು. ಮರುದಿನವೇ ಬೇರೊಬ್ಬರು ಬಂದು ಮನೆ ನೋಡಿಕೊಂಡು ಹೋದರು. ಸ್ಟೀಲ್ ಲೋಟದಲ್ಲಿ ಬರೀ ನೀರು ಕೊಟ್ಟು ಸೋಮಲಿಂಗಪ್ಪನವರು ಕೈ ಕಟ್ಟಿಕೊಂಡು ನಿಂತರು. ಬಂದವರಿಗಿಂತ ಅವರಿಗೇ ಬಾಯಾರಿತ್ತು. ಲಿಂಗಮ್ಮ ಮಾತ್ರ ಕಾಂಪೌಂಡಿನ ಮೇಲಿಂದ, “ಒಂದು ಕಾಫಿನಾದ್ರೂ ಕೊಡೋದಲ್ವಾ ಅಣ್ಣಾ, ಏನಂದ್ಕೊಂಡಾರು!” ಎಂದು ಗೊಣಗಿದಳು.

ಶನಿವಾರ ಬೆಳಗ್ಗೆ ಆಸ್ಪತ್ರೆಯವರೇ ಮೊದಲು ಫೋನು ಮಾಡಿದರು. ವಚನಾ, “ಸಂಜೆವರೆಗೂ ಟೈಮ್ ಕೊಡಿ,” ಎಂದಳು. ಮಧ್ಯಾಹ್ನ ಇಬ್ಬರೂ ಉಂಡ ಶಾಸ್ತ್ರ ಮಾಡಿದರು. ಮೂರು ದಾಟಿದ ಮೇಲೆ ಕಲಾವತಿ ಫೋನು ಮಾಡಿದರು. ಮೊದಲ ವರ್ಷಕ್ಕೆ ಸಹಾಯ ಮಂಜೂರಾಗಿತ್ತು. ಕೆಲಸ ನೋಡಿ ಮುಂದಿನ ವರ್ಷಗಳದು. ವಚನಾ ಫೋನು ಎದೆಗೊತ್ತಿಕೊಂಡು ಗೋಡೆಗೆ ಒರಗಿ ನಿಂತಳು. ಆಮೇಲೆ ಆಸ್ಪತ್ರೆಗೆ ಫೋನು ಮಾಡಿ, ಬರುವುದಿಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿದಳು. ಹೇಳಿ ಮುಗಿಸಿ ಅಡುಗೆಮನೆಯ ಕಡೆ ತಿರುಗಿ, “ಅಮ್ಮಾ…” ಎಂದು ಕರೆದುಬಿಟ್ಟಳು.

ಸೋಮಲಿಂಗಪ್ಪನವರು ಎದ್ದು ಹೋಗಿ ಮಗಳ ತಲೆಯ ಮೇಲೆ ಕೈಯಿಟ್ಟರು. ಇಬ್ಬರೂ ಆ ಬಾಗಿಲ ಕಡೆಯೇ ನೋಡುತ್ತ ನಿಂತರು. ಆಮೇಲೆ ಅವರು, “ನಾಳೆ ನೀನು ಹೆಗ್ಗನಹಳ್ಳಿಗೆ ಹೋಗ್ತೀಯಾ?” ಎಂದು ಕೇಳಿದರು.

“ಭಾನುವಾರಾನೇ ಅಪ್ಪಾ ಎಲ್ರೂ ಮನೇಲಿ ಸಿಗೋದು. ಹೋಗ್ತೀನಿ.”

“ನಾನೂ ಬರ್ಲಾ?”

ಹೆಗ್ಗನಹಳ್ಳಿಯ ಗಲ್ಲಿ ಒಬ್ಬರು ಎದುರಿಗೆ ಬಂದರೆ ಇನ್ನೊಬ್ಬರು ಗ್ಯಾಸ್ ಸಿಲಿಂಡರಿನ ಮೇಲೆ ಕಾಲಿಟ್ಟು ದಾಟುವಷ್ಟು ಕಿರಿದಾಗಿತ್ತು. ಮುತ್ತವ್ವ ತನ್ನ ಬಾಗಿಲಿನಿಂದಲೇ, “ಎಲ್ಲಿಗೂ ಹೊಂಟಿಲ್ಲೇನ್ರಿ ಹಂಗಾರ?” ಎಂದು ಕೂಗಿದಳು. ವಚನಾ ಇಲ್ಲವೆಂದು ಕೈಯಾಡಿಸಿದಳು. ಆ ಹೊತ್ತು ಅವಳು ಹೋದದ್ದು ಗಲ್ಲಿಯ ತುದಿಯ ಮನೆಗೆ. ಅಲ್ಲಿ ಯಾದಗಿರಿಯ ಕಡೆಯಿಂದ ಹೊಸದಾಗಿ ಬಂದ ಸಂಸಾರವಿತ್ತು. ಐದಾರು ವರ್ಷದ ಹುಡುಗಿಯೊಬ್ಬಳು ಜ್ವರದ ಕಣ್ಣು ಬಿಟ್ಟುಕೊಂಡು ತಾಯಿಯ ಮಗ್ಗುಲಿಗೆ ಅಂಟಿ ಕೂತಿದ್ದಳು. ಕಡ್ಡಿ ಕಂಡದ್ದೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ತಾಯಿ ಗದರಿದಳು, ಚಾಕೊಲೇಟು ಎಂದಳು, ಏನೂ ನಡೆಯಲಿಲ್ಲ.

ಸೋಮಲಿಂಗಪ್ಪನವರು ಪಂಚೆ ಎತ್ತಿಕೊಂಡು ಆ ಮಗುವಿನ ಎದುರಿಗೆ ನೆಲದ ಮೇಲೆ ಕುಳಿತರು. “ಮೊದ್ಲು ನಂಗೆ ನೋಡವ್ವ ಡಾಕ್ಟ್ರೇ,” ಎಂದು ಮಗಳಿಗೆ ಹೇಳಿ, ಬಾಯಿ ಅಗಲವಾಗಿ ತೆರೆದರು.

ವಚನಾ ಟಾರ್ಚು ಹಾಕಿ ಗಂಭೀರವಾಗಿ ನೋಡಿದಳು. “ಹ್ಞೂಂ. ಇಲ್ಲಿ ನಾಲ್ಕು ಹಲ್ಲೇ ಇಲ್ವಲ್ಲ ತಾತ, ಎಲ್ಲಿ ಹೋದ್ವು?”

“ಹೋಳಿಗೆ ಜೊತೆ ನುಂಗ್ಬಿಟ್ಟೆ,” ಎಂದರು ಅವರು, ಬಾಯಿ ತೆರೆದುಕೊಂಡೇ.

ಹುಡುಗಿಯ ಕೈ ಸ್ವಲ್ಪ ಕೆಳಗಿಳಿಯಿತು. ಕತ್ತು ಚಾಚಿ ಅಜ್ಜನ ಬಾಯೊಳಗೆ ಇಣುಕಿದಳು. ಮೊದಲು ಮೂಗಿನಿಂದ ನಗು ಬಂತು, ಆಮೇಲೆ ಬಾಯಿ ತುಂಬ. ಆ ನಗು ಮುಗಿಯುವುದರೊಳಗೆ ವಚನಾ ಕಡ್ಡಿ ಮುಟ್ಟಿಸಿ, ತೆಗೆದು, ಶೀಶೆಯಲ್ಲಿಟ್ಟು ಮುಚ್ಚಳ ತಿರುಗಿಸಿದ್ದಳು.